ನಿಧಾನದಕ್ಕ

ಬಾಯಿ ಮುಚ್ಚುತ್ತಿರಲಿಲ್ಲ.

ಇಸ್ತ್ರಿ ಅಕ್ಕ ಗಲ್ಲದ ಕೆಳಗೆ ಅಂಗೈ ಇಟ್ಟು ಮೆಲ್ಲಗೆ ಮೇಲಕ್ಕೊತ್ತಿದಳು. ಏನೂ ಆಗಲಿಲ್ಲ. ಬಿಳಿ ಬಟ್ಟೆಯ ಪಟ್ಟಿಯೊಂದನ್ನು ಗಲ್ಲದಡಿಯಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದಳು. ಗಂಟು ಜಾರಿತು. ಮತ್ತೆ ಹಾಕಿದಳು. ರಾತ್ರಿ ನಿದ್ದೆಯಲ್ಲೇ ಹೋದ ಜೀವ. ಬೆಳಿಗ್ಗೆ ಮನೆಯವರು ಬಂದು ಮುಟ್ಟಿ ನೋಡುವ ಹೊತ್ತಿಗೆ ದವಡೆ ಸೆಟೆದುಕೊಂಡಿತ್ತು.

"ಬಿಡಕ್ಕ," ಎಂದಳು ಮಗಳು. "ನೋವಾಗತ್ತೆ."

ಯಾರಿಗೆ ಎಂದು ಇಸ್ತ್ರಿ ಅಕ್ಕ ಕೇಳಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಒಂದೇ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಈ ಸತ್ತವಳ ಎದುರಿಗೆ ಕೂತು ದುಡಿದವಳು ಅವಳು. ಅವಳು ಬಟ್ಟೆಗೆ ಇಸ್ತ್ರಿ ಹಾಕುವುದು, ಇವಳು ಕಾಜ ಕಟ್ಟುವುದು, ಗುಂಡಿ ಹಚ್ಚುವುದು. ಊರಿಗೆಲ್ಲ ಇವಳು ಕಾಜಮ್ಮ. ಮನೆಯವರಿಗೂ ಬಹುಮಟ್ಟಿಗೆ ಅದೇ.

ಬಾಗಿಲಲ್ಲಿ ದೊಡ್ಡಪ್ಪ ಬಂದು ನಿಂತರು. ಸತ್ತವಳ ಗಂಡನ ಅಣ್ಣ, ಮನೆಯ ಹಿರಿಯರು. ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸದಲ್ಲೇ ತಲೆ ನರೆಸಿಕೊಂಡವರು. ಒಳಗಿನಿಂದ ಸನ್ನೆ ಬಂದರೆ ಸಾಕು, ಹೊಸಿಲ ಬಳಿ ನಿಂತು ಒಂದೊಂದು ಹೆಸರನ್ನೂ ಮೂರು ಮೂರು ಸಲ ಕೂಗುತ್ತಿದ್ದರು. ಗೇಟಿನಾಚೆ ಬೀಡಿ ಸೇದುತ್ತ ನಿಂತ ಸಾಕ್ಷಿಗೂ ಬೆವರೊಡೆಯುತ್ತಿತ್ತು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಮೂರು ಸಲದ ಚಾಳಿ ಹೋಗಿರಲಿಲ್ಲ.

"ಬಾಯಿ ಮುಚ್ಚಿಸಿ. ಜನ ಬರ್ತಿದ್ದಾರೆ, ಬಾಯಿ ಮುಚ್ಚಿಸಿ. ಇನ್ನೂ ಬಾಯಿ ಮುಚ್ಚಿಸಿಲ್ವಾ?"

"ಬದುಕಿದ್ದಾಗ ಮುಚ್ಚಿಸಿದ್ದು ಸಾಲ್ದೇನ್ರೀ ಯಜಮಾನ್ರೇ," ಎಂದಳು ಇಸ್ತ್ರಿ ಅಕ್ಕ, ಬಟ್ಟೆಯ ಪಟ್ಟಿಗೆ ಹೇಳುವ ಹಾಗೆ.

ದೊಡ್ಡಪ್ಪ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದೆ ಇರುವುದೂ ಅವರಿಗೆ ಚೆನ್ನಾಗಿ ಬರುತ್ತಿತ್ತು. "ಆಗದಿದ್ರೆ ಮೂಗಿನವರೆಗೆ ಒಂದು ಬಟ್ಟೆ ಹೊದಿಸಿ. ಎರಡೂವರೆಗೆ ಪೆಟ್ಟಿಗೆ ಎತ್ತೋದು. ವ್ಯಾನಿನವನಿಗೆ ಹೇಳಾಗಿದೆ."

"ಎರಡೂವರೆಗಾ?" ಮಗಳು ಬಾಚಣಿಗೆ ಕೆಳಗಿಟ್ಟಳು. "ನಾಲ್ಕು ಗಂಟೆಗೆ ಅಂತ ತಾನೇ ಎಲ್ರಿಗೂ ಹೇಳಿದ್ದು?"

"ನಾಲ್ಕಕ್ಕೆ ಇವತ್ತು ಯಾವ ಮನುಷ್ಯ ಬರ್ತಾನೆ?"

ಅವರ ಬೆನ್ನ ಹಿಂದಿನಿಂದ ಹಾಲಂಗಡಿಯವನು ಇಣುಕಿದ. ಬೆಳಿಗ್ಗೆಯಿಂದ ಓಡಾಡಿ ಕುರ್ಚಿ, ಪೆಟ್ಟಿಗೆ, ವ್ಯಾನು ಎಲ್ಲ ಹೊಂದಿಸಿದವನು ಅವನೇ, ಕೆಟ್ಟವನಲ್ಲ. "ಇವತ್ತು ಭಾನುವಾರ ಅಲ್ವೇನಮ್ಮ? ನಾಲ್ಕಕ್ಕೆ ರೇಡಿಯೋದಲ್ಲಿ 'ಬಾಯಿಬಡುಕರ ಬೀದಿ'. ಅದರಲ್ಲೂ ಬೆಳ್ಳಿಹಬ್ಬದ ಕಾರ್ಯಕ್ರಮ. ನಿಧಾನದಕ್ಕ ಖುದ್ದು ಬರ್ತಾಳಂತೆ! ಇಷ್ಟು ವರ್ಷ ಬರೀ ನಕ್ಕೋಳು ಇವತ್ತು ಮಾತಾಡ್ತಾಳಂತೆ. ಅಲ್ಲ, ನನಗೇನಿಲ್ಲ, ಜನ ಕೇಳ್ತಾರೆ. ಮಣ್ಣು ಹಾಕಿ ಬೇಗ ಮನೆ ಸೇರ್ಕೊಂಡ್ರೆ ಎಲ್ರಿಗೂ ಅನುಕೂಲ."

ಮಗಳು ಅಮ್ಮನ ಮುಖ ನೋಡಿದಳು. ತೆರೆದ ಬಾಯಿ ಏನನ್ನೋ ಹೇಳಲು ಹೊರಟ ಹಾಗಿರಲಿಲ್ಲ, ಕೂಗಿದ ಹಾಗೂ ಇರಲಿಲ್ಲ. ಪದ್ಯ ಓದುವವರು ಸಾಲಿನ ನಡುವೆ ಉಸಿರೆಳೆದು ಒಂದು ಗಳಿಗೆ ನಿಲ್ಲುತ್ತಾರಲ್ಲ, ಹಾಗೆ ನಿಂತಿತ್ತು.

ನಿಧಾನದಕ್ಕನ ನಗು ಗೊತ್ತಿಲ್ಲದವರು ಆ ಊರಿನಲ್ಲಿ ಇರಲಿಲ್ಲ. ಯಾವ ಊರಿನಲ್ಲೂ ಇರಲಿಲ್ಲ. ಪ್ರತಿ ಭಾನುವಾರ ಆ ಕಾರ್ಯಕ್ರಮ ನಡೆಸುವ ಬಾಯಿಬಡುಕ ತನ್ನ ಕೊನೆಯ ಜೋಕು ಹೇಳುತ್ತಿದ್ದ, ಜನ ನಗುತ್ತಿದ್ದರು, ನಗು ನಿಲ್ಲುತ್ತಿತ್ತು. ಎಲ್ಲ ತಣ್ಣಗಾದ ಮೇಲೆ ಎಂದೋ ಒಮ್ಮೆ ಟೇಪಿಗೆ ಸಿಕ್ಕ ಒಬ್ಬ ಹೆಂಗಸಿನ ಅದೇ ನಗು ತಡವಾಗಿ ಎದ್ದು ಬರುತ್ತಿತ್ತು. "ಅಕ್ಕಾ, ಈಗ ಅರ್ಥ ಆಯ್ತಾ?" ಎನ್ನುತ್ತಿದ್ದ ಬಾಯಿಬಡುಕ. ಶಾಲೆಯಲ್ಲಿ ಲೆಕ್ಕ ತಪ್ಪಿದ ಮಕ್ಕಳಿಗೆ, ಬಸ್ಸು ತಪ್ಪಿಸಿಕೊಂಡವರಿಗೆ, ಸೋತ ಉಮೇದುವಾರರಿಗೆ, ಎಲ್ಲರಿಗೂ ಜನ ಅದನ್ನೇ ಕೇಳುತ್ತಿದ್ದರು. ಈಗ ಅರ್ಥ ಆಯ್ತಾ?

ಆ ನಗು ಇಲ್ಲಿ ಮಲಗಿರುವವಳದು ಎಂದು ಗೊತ್ತಿದ್ದದ್ದು ಈ ಮನೆಯವರಿಗೆ, ಇಸ್ತ್ರಿ ಅಕ್ಕನಿಗೆ, ಟೈಲರನಿಗೆ. ಹಾಗಾದರೆ ಇವತ್ತು ರೇಡಿಯೋಗೆ ಬಂದು ಮಾತಾಡುವವಳು ಯಾರು?

*

ಆ ನಗು ಹುಟ್ಟಿದ ವರ್ಷ ಗಂಡಸರೆಲ್ಲ ಅಗಲ ಕಾಲರಿನ ಹಿಂದೆ ಬಿದ್ದಿದ್ದರು. ಸಿನಿಮಾ ನಾಯಕನೊಬ್ಬ ಆನೆಕಿವಿಯಂಥ ಕಾಲರು, ತೋಳಿನ ತುದಿಗೆ ಸಾಲುಗುಂಡಿ ಇದ್ದ ಅಂಗಿ ತೊಟ್ಟು ರೈಲಿನ ಬಾಗಿಲಲ್ಲಿ ನೇತಾಡುತ್ತ ಹಾಡಿದ್ದೇ ತಡ, ಮರುವಾರದಿಂದ ಟೈಲರ್ ಅಂಗಡಿಯ ಮುಂದೆ ಜನ. ಗುಂಡಿ ಹೆಚ್ಚಿದರೆ ಕಾಜವೂ ಹೆಚ್ಚುತ್ತದೆ. ಕಿಟಕಿಯ ಬೆಳಕಿಗೆ ಕೂತು, ಕತ್ತರಿಸಿದ ಸೀಳಿನ ಅಂಚನ್ನು ಕಾಜಮ್ಮ ದಾರದಲ್ಲಿ ಒತ್ತೊತ್ತಾಗಿ ಕಟ್ಟುತ್ತಿದ್ದಳು. ಎದುರಿಗೆ ಇಸ್ತ್ರಿ ಅಕ್ಕ ಕೆಂಡದ ಪೆಟ್ಟಿಗೆಯ ಬೂದಿ ಊದುತ್ತಿದ್ದಳು. ಟೈಲರ್ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಬಯ್ಯುತ್ತಿದ್ದ.

ಬಾಯಿಬಡುಕ ಊರಿನ ಸಿನಿಮಾ ಮಂದಿರಕ್ಕೆ ರೇಡಿಯೋ ಕಾರ್ಯಕ್ರಮ ಮಾಡಲು ಬಂದಿಳಿದಾಗ ಅವನ ಕೋಟಿನ ಗುಂಡಿಯೊಂದು ಕಿತ್ತುಹೋಗಿತ್ತು. ಕೋಟು ಟೈಲರನ ಹತ್ತಿರ ಬಂತು, ಟೈಲರನಿಂದ ಕಾಜಮ್ಮನ ತೊಡೆಯ ಮೇಲೆ ಬಂತು. ಹೋಗುವಾಗ ಕೋಟಿನವರು ಎರಡು ಪಾಸು ಕೊಟ್ಟು ಹೋದರು.

"ಗುಂಡಿ ಹಚ್ಚಿದೋರು ನೀವು, ನೀವೇ ಹೋಗಿ ಬನ್ನಿ," ಎಂದ ಟೈಲರ್. "ನಾನು ಬಂದ್ರೆ ಅವನ ಜೋಕಿಗಿಂತ ಅವನ ಪ್ಯಾಂಟಿನ ಕೆಟ್ಟ ಹೊಲಿಗೆ ಕಂಡು ಅಳ್ತೀನಿ."

ಮಂದಿರದಲ್ಲಿ ಪರದೆಯ ಮುಂದೆ ಒಂದು ಮೇಜು, ಮೇಲಿಂದ ಇಳಿಬಿಟ್ಟ ಮೈಕುಗಳು. ಪಕ್ಕದಲ್ಲಿ ಒಬ್ಬ ಸಪ್ಪೆಮುಖದವನು ಒಂದು ಹಲಗೆ ಹಿಡಿದು ನಿಂತಿದ್ದ. ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ 'ನಗು'. ಅದನ್ನು ಎತ್ತಿದಾಗ ನಗಬೇಕು, ಇಳಿಸಿದಾಗ ನಿಲ್ಲಿಸಬೇಕು, ಟೇಪಿಗೆ ಅಡ್ಡಿಯಾಗಬಾರದು ಎಂದು ಮೊದಲೇ ಹೇಳಿದ್ದರು. ಜನ ಹಾಗೆಯೇ ಮಾಡಿದರು. ಮೈಕಿನ ಕೆಳಗಿನ ಸಾಲಿನಲ್ಲೇ ಇವರಿಬ್ಬರು ಕೂತಿದ್ದರು.

ಕೊನೆಗೆ ಬಾಯಿಬಡುಕ ಒಂದು ಜೋಕು ಹೇಳಿದ. ಕೋರ್ಟಿನಲ್ಲಿ ಹೆಸರು ಕೂಗುವವನೊಬ್ಬ ಮನೆಗೆ ಬಂದು ಹಸಿವಾಗಿ, ಅಡುಗೆಮನೆಯ ಬಾಗಿಲಲ್ಲಿ ನಿಂತು ಎದೆಯುಬ್ಬಿಸಿ ಕೂಗುತ್ತಾನೆ: "ಊಟ ಹಾಜರಿದೆಯಾ? ಊಟ ಹಾಜರಿದೆಯಾ? ಊಟ ಹಾಜರಿದೆಯಾ?" ಒಳಗಿನಿಂದ ಹೆಂಡತಿ ಹೇಳುತ್ತಾಳೆ: "ಮೂರು ಸಲ ಕೂಗಿದ್ರಿ, ಊಟ ಹಾಜರಾಗಲಿಲ್ಲ. ಕೇಸು ವಜಾ. ಹೋಗಿ ಮಲಗಿ."

ಹಲಗೆ ಎದ್ದಿತು. ಜನ ನಕ್ಕರು. ಹಲಗೆ ಇಳಿಯಿತು. ಜನ ನಿಲ್ಲಿಸಿದರು. ಮಂದಿರ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಒಂದು ಉಸಿರು ಒಳಕ್ಕೆ ಎಳೆದುಕೊಂಡಿತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಆಮೇಲೆ ಎಲ್ಲಿಂದಲೋ ಉರುಳಿಕೊಂಡು ಬಂತು ಆ ನಗು. ಬಿಂದಿಗೆ ಕೈಜಾರಿ ಮೆಟ್ಟಿಲಿಳಿದ ಹಾಗೆ, ಮೆಟ್ಟಿಲಿಗೊಂದು ಸದ್ದು ಮಾಡುತ್ತ, ಕೆಳಗೆ ತಲುಪಿದ ಮೇಲೂ ಸುತ್ತು ಹಾಕುತ್ತ, ಕೊನೆಗೆ "ಅಯ್ಯೋ ದೇವ್ರೇ" ಎಂದು ನಿಂತಿತು. ಹಲಗೆಯ ಸಪ್ಪೆಮುಖದವನೂ ನಕ್ಕುಬಿಟ್ಟ.

ಬಾಯಿಬಡುಕ ಮೈಕಿನ ಮೇಲೆ ಬಗ್ಗಿ ಕತ್ತಲಿನತ್ತ ಕಣ್ಣು ಕಿರಿದು ಮಾಡಿದ. "ಯಾರಮ್ಮ ಅದು, ನಿಧಾನದಕ್ಕ? ಈಗ ಅರ್ಥ ಆಯ್ತಾ?"

*

ಮುಂದಿನ ಕೋಣೆಯಲ್ಲಿ ಕುರ್ಚಿಗಳು ತುಂಬಿದ್ದವು. ಅಪ್ಪ ಬಾಗಿಲ ಪಕ್ಕ, ಕರೆಂಟಿನ ಮೀಟರಿನ ಕೆಳಗೆ ಕೂತಿದ್ದ. ಜೀವಮಾನವಿಡೀ ಮನೆಮನೆಯ ಮೀಟರ್ ನೋಡಿ ಬರೆದುಕೊಂಡು ಬಂದವನು. ಯಾರಾದರೂ ಕೈ ಹಿಡಿದರೆ ಹಿಡಿಸಿಕೊಳ್ಳುತ್ತಿದ್ದ, ಬಿಟ್ಟರೆ ತಲೆಯೆತ್ತಿ ಮೀಟರಿನೊಳಗೆ ತಿರುಗುವ ಬಿಲ್ಲೆ ನೋಡುತ್ತಿದ್ದ.

"ಎಂಥಾ ಹೆಂಗಸು ಅಂತೀರಿ," ಎನ್ನುತ್ತಿದ್ದಳು ಎದುರುಮನೆಯ ಅಜ್ಜಿ. "ಮನೇಲಿದ್ದಾಳೋ ಇಲ್ವೋ ಗೊತ್ತಾಗ್ತಿರಲಿಲ್ಲ."

"ಹೌದು ಕಣ್ರೀ. ಅವಳ ಹಲ್ಲು ನೋಡಿದೋರು ಯಾರೂ ಇಲ್ಲ."

"ತುಟಿ ನಡುವೆ ಸದಾ ಒಂದು ಎಳೆ ದಾರ. ಮಾತಾಡಿಸಿದ್ರೆ ತಲೆ ಆಡಿಸೋದು ಅಷ್ಟೇ."

"ಅದೇ ನಮ್ಮ ಮನೆತನ," ಎಂದರು ದೊಡ್ಡಪ್ಪ. "ನಾಲ್ಕು ಜನದ ಮುಂದೆ ಹೇಳ್ತೀನಿ, ಅಲ್ಲೂ ಹೇಳ್ತೀನಿ. ಆಕೆ ದನಿ ಈ ಹೊಸಿಲು ದಾಟಲಿಲ್ಲ."

ಅಲ್ಲಿ ಎಂದರೆ ಮಣ್ಣಿನ ಮುಂದೆ. ಹೂಳುವ ಮೊದಲು ಹಿರಿಯರು ನಾಲ್ಕು ಮಾತಾಡಬೇಕು. ಬೆಳಿಗ್ಗೆಯಿಂದ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಪಾಪ, ಸ್ವಲ್ಪ ನಿಧಾನ ಇದ್ರು ಅಂತ ಕಾಣತ್ತೆ," ಎಂದ ಹಾಲಂಗಡಿಯವನು. "ನಮ್ಮ ನಿಧಾನದಕ್ಕನ ಹಾಗೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಒಂದಿಬ್ಬರು ಕೆಮ್ಮುವ ನೆಪದಲ್ಲಿ ನಕ್ಕರು.

"ಯಾರು ನಿಧಾನ?" ಮಗಳ ದನಿ ಏರಿತು.

"ಟೀ ಆಯ್ತಾ ನೋಡು," ಎಂದರು ದೊಡ್ಡಪ್ಪ. "ಹೋಗು, ಟೀ ನೋಡು. ಟೀ."

ಅವಳು ಅಪ್ಪನತ್ತ ತಿರುಗಿದಳು. ಅಪ್ಪ ಮೀಟರ್ ನೋಡುತ್ತಿದ್ದ.

ಅಡುಗೆಮನೆಯಲ್ಲಿ ಇಸ್ತ್ರಿ ಅಕ್ಕ ಲೋಟ ತೊಳೆಯುತ್ತಿದ್ದಳು. ಮಗಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡುವವಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಮಾತು ಶುರುವಾಗುವ ಮೊದಲೇ, ಉಸಿರಿನಲ್ಲೇ, ಯಾರೆಂದು ಗುರುತು ಸಿಗುವಷ್ಟು ಪಳಗಿದ್ದಳು. ಹೋದ ವಾರ ನಿಧಾನದಕ್ಕ ಬರುತ್ತಾಳೆಂದು ರೇಡಿಯೋದಲ್ಲಿ ಸಾರಿದಾಗ ಮರುದಿನವೇ ರೇಡಿಯೋದವರಿಗೆ ಲೈನು ಜೋಡಿಸಿ ಮಾತಾಡಿದ್ದಳು.

"ಏನಂದ್ರು ಗೊತ್ತಾ ಅಕ್ಕ? 'ಬೆಳಿಗ್ಗೆಯಿಂದ ನೀವು ಎಷ್ಟನೆಯೋರೋ. ಎಲ್ಲರ ಅಮ್ಮನೂ ನಿಧಾನದಕ್ಕನೇ. ನಾವು ನಾಟಕದ ಕಂಪನಿಯಿಂದ ಒಳ್ಳೇ ಕಲಾವಿದೇನ ಗೊತ್ತು ಮಾಡಿದ್ದೀವಿ, ನೀವು ಆರಾಮಾಗಿ ಕೂತು ಕೇಳಿ' ಅಂದ್ರು. ಫೋನ್ ಇಟ್ಟೇಬಿಟ್ರು. ನಾನು ಅಮ್ಮನಿಗೆ ಹೇಳಿದೆ, ನಡಿ ನಾವೇ ಹೋಗೋಣ, ಅಲ್ಲಿ ಹೋಗಿ ಒಂದ್ಸಲ ನಗು ಸಾಕು ಅಂತ."

"ಏನಂದ್ಲು?"

"ದಾರ ತೆಗೆದು ಬೆರಳಿಗೆ ಸುತ್ಕೊಂಡು, 'ಬಿಡೇ, ಅವಳಾದ್ರೂ ನಗಲಿ' ಅಂದ್ಲು."

ಇಸ್ತ್ರಿ ಅಕ್ಕ ಲೋಟ ಬೋರಲು ಹಾಕಿದಳು. ಕೈ ಒರೆಸಿಕೊಂಡಳು. "ಒಂದು ಮಾತು ಹೇಳ್ಲಾ ಪುಟ್ಟಿ? ಅವಳು ನಿಧಾನ ಅಲ್ಲ."

"ಅಂದ್ರೆ?"

"ಪಕ್ಕದಲ್ಲಿ ಕೂತಿದ್ದೋಳು ನಾನು. ಆ ಮನುಷ್ಯ 'ಕೋರ್ಟಿನಲ್ಲಿ ಹೆಸರು ಕೂಗೋನು' ಅಂತ ಬಾಯಿ ತೆಗೆದ್ನಲ್ಲ, ಆಗಲೇ ನನ್ನ ತೊಡೆ ಚಿವುಟಿದ್ಲು ನಿಮ್ಮಮ್ಮ. ಅವನಿನ್ನೂ ಜೋಕು ಮುಗಿಸಿಲ್ಲ! ಇಡೀ ಮಂದಿರಕ್ಕಿಂತ ಮೊದಲು ಅರ್ಥ ಆಗಿದ್ದು ಅವಳಿಗೆ. ದಿನಾ ಈ ಅಡುಗೆಮನೇಲಿ ನಿಂತು ಮೂರು ಮೂರು ಸಲ ಕೂಗಿಸ್ಕೊಂಡು ತಟ್ಟೆ ಇಟ್ಟೋಳು ಅವಳಲ್ವಾ? ಆಮೇಲೆ ಭಾವನವರ ಭಯ. ಯಾರಾದ್ರೂ ನೋಡಿ ಹೇಳಿಬಿಟ್ರೆ? ಕರ್ಚೀಫು ಬಾಯಿಗೆ ತುರುಕ್ಕೊಂಡ್ಲು. ಎಲ್ರೂ ನಕ್ರು, ಇವಳು ತಡ್ಕೊಂಡ್ಲು. ಎಲ್ರೂ ನಿಲ್ಲಿಸಿದ್ರು, ಇವಳು ತಡ್ಕೊಂಡೇ ಇದ್ಲು. ಕೊನೆಗೆ ತಡೆಯೋಕಾಗ್ಲಿಲ್ಲ. ದೇವರು ಕೊಟ್ಟಿದ್ದು ಎಷ್ಟು ಹೊತ್ತು ಒಳಗಿರತ್ತೆ?"

ಟೀ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಇಬ್ಬರೂ ನೋಡುತ್ತ ನಿಂತರು.

"ಇಷ್ಟು ವರ್ಷ," ಎಂದಳು ಮಗಳು. "ಇಷ್ಟು ವರ್ಷ ಇಡೀ ದೇಶ ಅವಳನ್ನ ಪೆದ್ದಿ ಅಂತ ನಕ್ಕಿತಲ್ಲ ಅಕ್ಕ."

"ಹೂಂ. ಈ ಪೆದ್ದ ದೇಶ."

*

ಆ ಕಾರ್ಯಕ್ರಮ ಮೊದಲು ಪ್ರಸಾರವಾದ ಭಾನುವಾರ ಮಗಳಿಗೆ ಏಳೋ ಎಂಟೋ ವರ್ಷ. ಬೀದಿಗೆಲ್ಲ ಇದ್ದ ರೇಡಿಯೋ ದೊಡ್ಡಪ್ಪನದೊಂದೇ. ಸ್ವಿಚ್ಚು ಹಾಕಿದರೆ ಕಾದು ದನಿ ಬರಲು ಹೊತ್ತು ಹಿಡಿಯುವ, ಹಳದಿ ದೀಪದ ದೊಡ್ಡ ರೇಡಿಯೋ. ಕೋರ್ಟಿನ ಗುಮಾಸ್ತರಿಬ್ಬರು ಬಂದು ಕೂತಿದ್ದರು. ದೊಡ್ಡಮ್ಮ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು; ಬಂದವರಿಗೆ ಕೊಡುವುದು, ಎತ್ತಿಡುವುದು ಎಲ್ಲ ಅಮ್ಮನೇ.

ಕೂಗುವವನ ಜೋಕು ಬಂತು. ಗುಮಾಸ್ತರು ಮೊದಲು ದೊಡ್ಡಪ್ಪನ ಮುಖ ನೋಡಿದರು, ಆಮೇಲೆ ನಕ್ಕರು. ಕೋರ್ಟಿನ ಬಾಗಿಲಿನಿಂದ ಗೇಟಿನವರೆಗೆ ತನ್ನೊಬ್ಬನದೇ ದನಿ ಎಂದು ನಂಬಿದ್ದ ಮನುಷ್ಯ ಕೆಂಪಾಗಿ ಕೂತಿದ್ದರು. ಅಷ್ಟರಲ್ಲಿ ರೇಡಿಯೋದ ಬಟ್ಟೆಯ ಹಿಂದಿನಿಂದ ಆ ಉಸಿರು, ಆ ನಗು.

"ಅಮ್ಮ!" ಎಂದು ಚಪ್ಪಾಳೆ ತಟ್ಟಿದಳು ಮಗಳು. "ದೊಡ್ಡಪ್ಪಾ, ನಮ್ಮಮ್ಮ!"

ಮಗುವಿನ ಮಾತೆಂದು ನಕ್ಕು ಗುಮಾಸ್ತರು ಹೋದ ಮೇಲೆ ದೊಡ್ಡಪ್ಪ ಗೋಡೆಯ ಪ್ಲಗ್ಗಿನಿಂದ ರೇಡಿಯೋದ ವೈರು ಕಿತ್ತರು. ಕೂಗಲಿಲ್ಲ. ಅವರು ಕೂಗದೆ ಮಾತಾಡಿದ್ದನ್ನು ಮಗಳು ಅವತ್ತೇ ಮೊದಲು ಕೇಳಿದ್ದು.

"ಈ ನಗು ಇನ್ನು ಈ ಮನೇಲಿ ಕೇಳಿಸಬಾರದು. ನನ್ನ ಕಿವಿಗೆ ಬೀಳಬಾರದು. ಬಿದ್ದ ದಿನ ನೀವು ಮೂರೂ ಜನ ಬೇರೆ ಮನೆ ನೋಡ್ಕೊಳ್ಳಿ." ಮಾತು ಮೂರಾಗಿತ್ತು. ಆಮೇಲೆ ತಮ್ಮನ ಕಡೆ ತಿರುಗಿದರು. "ಏನಂತೀಯ?"

ಅಪ್ಪ ಗೋಡೆ ನೋಡಿದ. "ನೀನು ಹೇಳಿದ್ಮೇಲೆ ಇನ್ನೇನು ಅಣ್ಣ."

ಅಮ್ಮ ಅಲ್ಲೇ ಬಾಗಿಲ ಹತ್ತಿರ, ಕೈಯಲ್ಲಿ ಖಾಲಿ ತಟ್ಟೆಗಳು. ಅವಳು ಯಾರನ್ನೂ ನೋಡಲಿಲ್ಲ. ತೋಳಿಗೆ ಅಂಟಿಕೊಂಡಿದ್ದ ದಾರದ ಎಳೆಯೊಂದನ್ನು ಬಿಡಿಸಿ ತುಟಿಗಳ ನಡುವೆ ಕಚ್ಚಿಕೊಂಡಳು. ಕಾಜ ಕಟ್ಟುವಾಗ ಅಂಗಡಿಯಲ್ಲಿ ಹಾಗೆ ಕಚ್ಚಿಕೊಳ್ಳುವುದು ಅವಳ ರೂಢಿ. ಮನೆಯಲ್ಲಿ ಕಚ್ಚಿಕೊಂಡದ್ದು ಅವತ್ತು ಮೊದಲು.

*

ಎರಡೂವರೆಗೆ ಹೊರಟದ್ದೇನೋ ಹೊರಟರು. ಆದರೆ ಸ್ಮಶಾನದಲ್ಲಿ ಗುಂಡಿ ಇನ್ನೂ ಅರ್ಧಕ್ಕೇ ನಿಂತಿತ್ತು. ಸೊಂಟಮಟ್ಟ ಇಳಿದಿದ್ದ ತೋಡುವವನು ಹಾರೆಗೆ ಆತುಕೊಂಡು ಮೇಲೆ ನೋಡಿದ.

"ಕಲ್ಲು ಸಿಕ್ಕಿದೆ ಸ್ವಾಮಿ. ಒಡೀಬೇಕು. ನಾಲ್ಕು ಗಂಟೆಗೆ ಅಂದಿದ್ರಲ್ಲ ನೀವು?"

"ಆಯ್ತಲ್ಲ," ಎಂದು ಯಾರೋ ಗೊಣಗಿದರು. "ಇಲ್ಲೂ ನಿಧಾನವೇ."

ಟೈಲರ್ ಪೆಟ್ಟಿಗೆಯ ಪಕ್ಕ ಬಂದು ನಿಂತ. ಈಗ ಹಲ್ಲಿಲ್ಲದ ಬಾಯಿ, ಗುಂಡುಸೂಜಿ ಕಚ್ಚಲೂ ಆಗದು. "ಜೀವಮಾನ ಎಲ್ಲ ಗುಂಡಿ ಹಚ್ಚಿದ್ಲು. ಅವಳಿಗೊಂದು ಗುಂಡಿ ಸಮಯಕ್ಕೆ ತೋಡೋಕಾಗ್ಲಿಲ್ಲ ಇವರಿಗೆ."

"ಕೇಳಿದ್ರೆ ಬಿದ್ದೂ ಬಿದ್ದೂ ನಗ್ತಿದ್ಲು," ಎಂದಳು ಇಸ್ತ್ರಿ ಅಕ್ಕ, ಕಣ್ಣೊರೆಸಿಕೊಳ್ಳುತ್ತ.

ಜನ ಕೈಗಡಿಯಾರ ನೋಡಿದರು. ಬಿಸಿಲು ನೋಡಿದರು. ನೆರಳು ಇರುವುದು ವ್ಯಾನಿನ ಪಕ್ಕದಲ್ಲೇ ಎಂದು ಒಬ್ಬೊಬ್ಬರಿಗೇ ಹೊಳೆಯತೊಡಗಿತು. ವ್ಯಾನಿನೊಳಗೆ ರೇಡಿಯೋ ಇತ್ತು. ನಾಲ್ಕರ ಹೊತ್ತಿಗೆ ಪೆಟ್ಟಿಗೆಯ ಹತ್ತಿರ ಉಳಿದವರು ಮೂವರೇ: ಮಗಳು, ಇಸ್ತ್ರಿ ಅಕ್ಕ, ಟೈಲರ್. ದೊಡ್ಡಪ್ಪ ಗುಂಡಿಯ ಅಂಚಿನಲ್ಲಿ ನಿಂತು ತೋಡುವವನಿಗೆ ಕಲ್ಲು ಒಡೆಯುವುದನ್ನು ಕಲಿಸುತ್ತಿದ್ದರು.

ರೇಡಿಯೋ ಮಾತಾಡಿತು. ಬಾಯಿಬಡುಕನ ದನಿಗೂ ವಯಸ್ಸಾಗಿತ್ತು. "ಬಂದೇ ಬಿಟ್ಟಳು ನಮ್ಮ ನಿಧಾನದಕ್ಕ! ಅಕ್ಕಾ, ಇಷ್ಟು ವರ್ಷ ಎಲ್ಲಿದ್ದೆ?"

"ನಿಮ್ಮ ಮೊದಲನೇ ಜೋಕು ಅರ್ಥ ಮಾಡ್ಕೊಳ್ತಾ ಕೂತಿದ್ದೆ ಸಾರ್," ಎಂದಿತು ಒಂದು ನುಣುಪು ದನಿ. "ನಾನು ಹುಟ್ಟಿದಾಗಿಂದ ಹೀಗೇ, ತಲೆ ಸ್ವಲ್ಪ ಖಾಲಿ." ಕೂಡಲೇ ನಕ್ಕಿತು. ಜನರ ಜೊತೆಯಲ್ಲೇ ಶುರುವಾಗಿ ಜನರ ಜೊತೆಯಲ್ಲೇ ಮುಗಿಯಿತು.

ವ್ಯಾನಿನ ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು. "ಇದೇನು," ಎಂದ ಹಾಲಂಗಡಿಯವನು. "ಹೀಗಿರಲಿಲ್ವಲ್ಲ."

ಮಗಳು ದಾಪುಗಾಲು ಹಾಕಿ ಅತ್ತ ಬಂದಳು. ಆ ರೇಡಿಯೋ ಕಿತ್ತು ಕಲ್ಲಿಗೆ ಎಸೆಯಬೇಕು ಎನಿಸಿತ್ತು. ಅಷ್ಟರಲ್ಲಿ ವ್ಯಾನಿನವನು ಅಪ್ಪನಿಗೆ ಹೇಳುತ್ತಿದ್ದುದು ಕೇಳಿಸಿತು.

"ಹತ್ರ ಬನ್ನಿ ಯಜಮಾನ್ರೇ. ಇಂಥಾ ದಿನಾನೂ ತಪ್ಪಿಸಲಿಲ್ಲ ನೋಡಿ ನೀವು."

"ಇಂಥಾ ದಿನಾನೂ ಅಂದ್ರೆ?" ಮಗಳು ಕೇಳಿದಳು.

ವ್ಯಾನಿನವನು ತಡವರಿಸಿದ. "ತಪ್ಪು ತಿಳ್ಕೋಬೇಡಿಮ್ಮ. ಭಾನುವಾರ ಭಾನುವಾರ ನಮ್ಮ ಸ್ಟ್ಯಾಂಡಿಗೆ ಬರ್ತಾರಲ್ಲ. ಮಳೆ ಬರ್ಲಿ, ಜ್ವರ ಬರ್ಲಿ. ಕೊನೇಲಿ ನಿಧಾನದಕ್ಕ ನಗ್ತಾಳಲ್ಲ, ಅದನ್ನ ಕೇಳೋರು, ಎದ್ದು ಹೋಗೋರು. ನಾವೇ ತಮಾಷೆ ಮಾಡ್ತಿದ್ವಿ, ಏನ್ ಯಜಮಾನ್ರೇ, ಅವಳ ಮೇಲೆ ಮನಸ್ಸಾ ಅಂತ..."

ಅಪ್ಪ ಕಾಲ ಬಳಿಯ ಮಣ್ಣು ನೋಡುತ್ತಿದ್ದ. ಅಲ್ಲಿ ಮೀಟರ್ ಇರಲಿಲ್ಲ.

"ಮೀಟರ್ ಬಾಕಿ ಇದೆ ಅಂತಿದ್ಯಲ್ಲಪ್ಪ," ಎಂದಳು ಮಗಳು. "ಭಾನುವಾರ ಬಂದ್ರೆ ಯಾರದೋ ಮನೆ ಮೀಟರ್ ಬಾಕಿ. ರಿಟೈರ್ ಆದ್ಮೇಲೆ ಗಾಳಿ ತಿರುಗಿ ಬರ್ತೀನಿ ಅಂತಿದ್ದೆ."

"ಕೇಳ್ಬೇಕು ಅನ್ಸೋದು," ಎಂದ ಅಪ್ಪ.

"ಕೇಳ್ಬೇಕು ಅನ್ಸಿದ್ರೆ ಮನೇಲೇ ಇದ್ಲಲ್ಲ! ಒಂದು ಗೋಡೆ ಆಚೆ ಇದ್ಲಲ್ಲಪ್ಪ! ಬಾಯಲ್ಲಿ ದಾರ ಕಚ್ಕೊಂಡು ನಿನಗೆ ಬಡಿಸ್ತಿದ್ಲು. ಆ ದಾರ ತೆಗೆದು ಪಕ್ಕಕ್ಕಿಡೋಕೆ ಎಷ್ಟು ಹೊತ್ತು ಬೇಕಿತ್ತು? ಮನೇಲಿ ಬಾಯಿ ಮುಚ್ಚಿಸಿ, ಬೀದಿಗೆ ಹೋಗಿ ಊರೋರ ರೇಡಿಯೋದಲ್ಲಿ ಕೇಳ್ಕೊಂಡು ಬರ್ತಿದ್ಯಾ?"

ಜನ ಅವಳನ್ನೂ ಅವನನ್ನೂ ನೋಡಿದರು. ಹಾಲಂಗಡಿಯವನ ಬಾಯಿ ತೆರೆದುಕೊಂಡಿತು.

"ಅಣ್ಣ ಇದ್ನಲ್ಲ," ಎಂದ ಅಪ್ಪ.

ಅಷ್ಟೇ. ಮಗಳು ತಿರುಗಿ ಪೆಟ್ಟಿಗೆಯ ಕಡೆ ನಡೆದಳು.

ಗುಂಡಿಯಿಂದ ಹಾರೆಯ ಕೊನೆಯ ಪೆಟ್ಟು ಕೇಳಿಸಿತು, ಕಲ್ಲು ಸೀಳಿತು. ದೊಡ್ಡಪ್ಪ ಕೋಟಿನ ಮಣ್ಣು ಕೊಡವಿಕೊಂಡು ಎದೆಯುಬ್ಬಿಸಿ ನಿಂತರು. ಆ ದನಿ ಸ್ಮಶಾನದ ಗೇಟು ದಾಟಿತು.

"ಎಲ್ಲರೂ ಇತ್ತ ಬನ್ನಿ. ಇತ್ತ ಬನ್ನಿ. ಇತ್ತ ಬನ್ನಿ! ಇಲ್ಲಿ ಮಲಗಿರೋ ನಮ್ಮ ಮನೆ ಸೊಸೆ, ತನ್ನ ದನಿಯನ್ನ ಒಂದು ದಿನವೂ..."

"ಇರಲಿ, ಇರಲಿ," ಎಂದಿತು ವ್ಯಾನಿನೊಳಗಿನ ರೇಡಿಯೋ. ಬಾಯಿಬಡುಕ ನುಣುಪು ದನಿಯವಳನ್ನು ಸಾಗಹಾಕಿದ್ದ. "ಹಳೇ ನಗು ಇನ್ನೊಂದ್ಸಲ ಕೇಳಿಸಿ ಅಂತ ಸಭಿಕರು ಗಲಾಟೆ ಮಾಡ್ತಿದ್ದಾರೆ. ಆ ಮೊದಲನೇ ದಿನದ ಟೇಪೇ ಹಾಕ್ತೀವಿ. ಕೇಳಿ."

ಇತ್ತ ಹೊರಟಿದ್ದವರು ಅಲ್ಲಲ್ಲೇ ನಿಂತರು.

"ಆರಿಸು ಅದನ್ನ," ಎಂದರು ದೊಡ್ಡಪ್ಪ.

ವ್ಯಾನಿನವನು ಕೈ ಚಾಚಿದ. ಕಿಟಕಿಯಿಂದ ಅಪ್ಪನ ಕೈ ಒಳಗೆ ಬಂದು ರೇಡಿಯೋದ ಗುಬುಟಿನ ಮೇಲೆ ಕೂತಿತು. ತಿರುಗಿಸಲೂ ಇಲ್ಲ, ಬಿಡಲೂ ಇಲ್ಲ.

"ಆರಿಸು!"

ಹಳೆಯ ಟೇಪು ಕರಕರ ಎಂದಿತು. ಪ್ರಾಯದ ಬಾಯಿಬಡುಕ ಪ್ರಾಯದ ದನಿಯಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ. ಊಟ ಹಾಜರಿದೆಯಾ, ಊಟ ಹಾಜರಿದೆಯಾ, ಊಟ ಹಾಜರಿದೆಯಾ.

"ಹೇಳಿದ್ದು ಕೇಳಿಸ್ಲಿಲ್ವಾ, ಆರಿಸು!"

"ಮೂರು ಸಲ ಕೂಗಿದ್ರಿ," ಎಂದಿತು ರೇಡಿಯೋ. "ಕೇಸು ವಜಾ. ಹೋಗಿ ಮಲಗಿ."

ಎಂದೋ ನಕ್ಕ ಮಂದಿರ ಮತ್ತೆ ನಕ್ಕಿತು. ಸ್ಮಶಾನದಲ್ಲಿ ಯಾರೂ ನಗಲಿಲ್ಲ. ಅಲ್ಲಿ, ಎಂದೋ, ಹಲಗೆ ಇಳಿಯಿತು. ನಗು ನಿಂತಿತು.

"ನಿಧಾನದಕ್ಕನ ದನಿ ಕೇಳ್ಬೇಕು ಅಂತಿದ್ರಲ್ಲ," ಎಂದಳು ಮಗಳು. ಅವಳ ದನಿ ದೊಡ್ಡದಾಗಿರಲಿಲ್ಲ. "ಬನ್ನಿ, ನೋಡಿ." ಅಮ್ಮನ ಮುಖದ ಮೇಲಿನ ಬಟ್ಟೆ ಎಳೆದು ತೆಗೆದಳು. ಗಲ್ಲದಡಿಯ ಪಟ್ಟಿಯ ಗಂಟನ್ನೂ ಬಿಚ್ಚಿದಳು.

ಹಾಲಂಗಡಿಯವನು ಪೆಟ್ಟಿಗೆ ನೋಡಿದ, ವ್ಯಾನು ನೋಡಿದ, ಮತ್ತೆ ಪೆಟ್ಟಿಗೆ ನೋಡಿದ. ದೊಡ್ಡಪ್ಪ ತುಟಿ ಅಲುಗಿಸಿದರು, ದನಿ ಬರಲಿಲ್ಲ. ಗುಂಡಿಯೊಳಗಿನಿಂದ ತೋಡುವವನು ತಲೆಯೆತ್ತಿದ.

ರೇಡಿಯೋದಲ್ಲಿ ಉಸಿರೊಂದು ಒಳಕ್ಕೆ ಎಳೆದುಕೊಂಡಿತು.

ಆಮೇಲೆ ಅದು ಬಂತು, ಮೆಟ್ಟಿಲು ಮೆಟ್ಟಿಲು ಇಳಿಯುತ್ತ, ಬಿಸಿಲಿನಲ್ಲಿ, ಹೊಸ ಮಣ್ಣಿನ ಮೇಲೆ. ಮೊದಲು ತಡೆಯಲಾರದೆ ಹೋದವನು ಟೈಲರ್. ಆಮೇಲೆ ಎದುರುಮನೆಯ ಅಜ್ಜಿ, ಆಮೇಲೆ ವ್ಯಾನಿನವನು. ನಗುವೋ ಅಳುವೋ ತಿಳಿಯದೆ, ಇಂಥ ಜಾಗದಲ್ಲಿ ಯಾರಾದರೂ ನೋಡಿಯಾರೆಂದು, ಒಬ್ಬೊಬ್ಬರ ಕೈಯೂ ಅವರವರ ಬಾಯಿಗೆ ಹೋಯಿತು. ಮುಚ್ಚದೆ ಉಳಿದದ್ದು ಒಂದೇ ಬಾಯಿ.